ಕಣ ಬಿಟ್ಟು ಓಡಿದ ಪದ
(ಶತಮಾನೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಜೂನ್ ತಿಂಗಳಲ್ಲಿ ಪ್ರವೇಶಕ್ಕೆಂದು ಬರುವ ತಾಯಂದಿರು ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಅಕ್ಕೋರ, ಕನ್ನಡ ಸಾಲ್ಯಾಗ ಕಲ್ತರ ನಮ್ಮ ಹುಡುಗಗ ಇಂಗ್ಲಿಷ್ ಬರತೈತೇನ್ರಿ?" ಈ ಪ್ರಶ್ನೆಗೆ ಇಂದು ಒಂದೇ ಒಂದು ಪದದ ಕಥೆಯನ್ನು ಉತ್ತರವಾಗಿ ಹೇಳಬಯಸುತ್ತೇವೆ.

ಹೋದ ವರ್ಷ ಆರನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ 'ಸ್ಕ್ಯಾಂಪರ್' ಎಂಬ ಪದ ಬಂದಿತು. ಮಕ್ಕಳು 'ಓಡು' ಎಂದು ಬರೆದುಕೊಂಡು ಮುಂದಕ್ಕೆ ಹೋಗಲು ಸಿದ್ಧರಾಗಿದ್ದರು. ನಾವು ತಡೆದೆವು. 'ರನ್' ಎಂದರೂ ಓಡುವುದೇ ಅಲ್ಲವೆ? ಆನೆ ಓಡಿದರೆ ಅದು ಸ್ಕ್ಯಾಂಪರ್ ಆಗದು. ಅಳಿಲು, ಇಲಿ, ಮೊಲದ ಮರಿ, ಬಿಡುವಿನ ಗಂಟೆ ಕೇಳಿದ ಒಂದನೆಯ ತರಗತಿಯ ಮಕ್ಕಳು, ಇವರದು ಸ್ಕ್ಯಾಂಪರ್. ಪುಟ್ಟ ಹೆಜ್ಜೆ, ಹಗುರ ಮೈ, ಬಲು ಅವಸರ.

ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ಇಷ್ಟು ಮುದ್ದಾದ ಅರ್ಥವಿರಲಿಲ್ಲ. ಆಗ ಅದು ಪಲಾಯನದ ಮಾತು. ಹಳೆಯ ಫ್ರೆಂಚಿನ 'ಎಸ್ಕಾಂಪೆ'ಯಿಂದ ಫ್ಲೆಮಿಷ್ ಭಾಷೆಯ ಮೂಲಕ ಬಂದಿರಬೇಕೆಂಬುದು ನಿರುಕ್ತಕಾರರ ಊಹೆ. ಅದರ ಬೇರು ಲ್ಯಾಟಿನ್ನಿನ 'ಎಕ್ಸ್' ಮತ್ತು 'ಕ್ಯಾಂಪಸ್'. 'ಎಕ್ಸ್' ಎಂದರೆ ಹೊರಕ್ಕೆ, 'ಕ್ಯಾಂಪಸ್' ಎಂದರೆ ಬಯಲು. ರೋಮಿನ ಸೈನಿಕರು ಕವಾಯತು ನಡೆಸುತ್ತಿದ್ದ ಬಯಲಿಗೂ ಅದೇ ಹೆಸರು. ಬಯಲಿನಲ್ಲಿ ನಿಂತು ಹೋರಾಡಿದವನು ಚಾಂಪಿಯನ್. ಅಲ್ಲಿಂದ ಕಾಲ್ಕಿತ್ತವನ ಓಟ ಸ್ಕ್ಯಾಂಪರ್. ಕಾಲೇಜಿನ ಆವರಣವನ್ನು ಕ್ಯಾಂಪಸ್ ಎಂದು ಕರೆದದ್ದು ಬಹಳ ಈಚೆಗೆ, 1774ರ ಸುಮಾರಿಗೆ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತ. "ಹಂಗಾರ ಕಣಾ ಬಿಟ್ಟು ಓಡೂದು ಅಂದಂಗಾತಲ್ರಿ ಅಕ್ಕೋರ!"

ನಮಗೆ ಹೊಳೆಯದಿದ್ದುದು ಅವನಿಗೆ ಹೊಳೆದಿತ್ತು. ಜೋಳದ ರಾಶಿ ಮಾಡುವ ಕಣವನ್ನು ಅವನು ಕಂಡಿದ್ದ. ಕುಸ್ತಿಯ ಕಣ, ಚುನಾವಣೆಯ ಕಣ ಎಂಬ ಮಾತುಗಳನ್ನೂ ಕೇಳಿದ್ದ. ಲ್ಯಾಟಿನ್ ಬಯಲು ನಡೆದ ದಾರಿಯನ್ನೇ ನಮ್ಮ ಕಣವೂ ನಡೆದಿದೆಯೆಂದು ನಿಘಂಟಿನ ನೆರವಿಲ್ಲದೆ ಕಂಡುಕೊಂಡ. ಪಕ್ಕದವಳು 'ಕಾಲಿಗೆ ಬುದ್ಧಿ ಹೇಳೂದು' ಎಂದು ಸೇರಿಸಿದಳು. ಇನ್ನೊಬ್ಬ 'ದೌಡಾಯಿಸೂದು' ಎಂದ. 'ದೌಡು' ಮರಾಠಿಯಲ್ಲೂ ಇದೆಯಲ್ಲ ಎಂಬ ಮಾತು ಹೊರಟು ಆ ಅವಧಿ ಮುಗಿದೇ ಹೋಯಿತು. ಪಾಠ ಅರ್ಧಕ್ಕೆ ನಿಂತಿತೆಂಬುದನ್ನೂ ಒಪ್ಪಿಕೊಳ್ಳಬೇಕು.

ಕಣವೆಂದ ಆ ಹುಡುಗ ಈ ಜೂನಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ. ಶಾಲೆ ಬಿಟ್ಟ ದಾಖಲೆಯನ್ನು ಬರೆದುಕೊಟ್ಟವರು ನಾವೇ. ಮಗನ ನೌಕರಿಯ ಚಿಂತೆ ಹೊತ್ತ ತಂದೆಯನ್ನು ದೂರಲು ನಮಗೆ ಬಾಯಿ ಬರಲಿಲ್ಲ. ಆದರೆ ಸಹಿ ಹಾಕುವಾಗ ಕೈ ತುಸು ತಡೆಯಿತು.

ಶನಿವಾರ ಅವನು ನಮ್ಮ ಬಯಲಿಗೆ ಆಡಲು ಬರುತ್ತಾನೆ. ಕಳೆದ ವಾರ ಹೊಸ ಶಾಲೆಯ ಪುಸ್ತಕವನ್ನೂ ತಂದಿದ್ದ. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದಕ್ಕ ನಮ್ಮ ಮಾತಿನ್ಯಾಗ ಏನಂತಾರ್ರಿ ಅಕ್ಕೋರ?" ಎಂದು ಕೇಳಿದ. ಕಚೇರಿಯ ಮೆಟ್ಟಿಲ ಮೇಲೆ ಅವನೊಡನೆ ಅರ್ಧ ಗಂಟೆ ಕುಳಿತೆವು.