ಎಷ್ಟು ಸಲ ಹೋಗುವವರು?

(ಬಾನುಲಿ ಭಾಷಣ)

ನಮ್ಮ ತೊರಗಲ್ ಸೀಮೆಯಲ್ಲಿ, ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಸುಪಾಸಿನಲ್ಲಿ, ಸೊಸೆಯಾದವಳು ನಾಗರಪಂಚಮಿಗೆ ತವರಿಗೆ ಹೋಗಬೇಕಾದರೆ ಹಿಂದೆ ಅತ್ತೆಯ ಅಪ್ಪಣೆ ಬೇಕಾಗುತ್ತಿತ್ತು. ಕರೆಯಲು ಅಣ್ಣನೋ ತಮ್ಮನೋ ಬಂದು ಪಡಸಾಲೆಯಲ್ಲಿ ಕುಳಿತಿರುತ್ತಿದ್ದ. ಅತ್ತೆ ಒಳಗಿನಿಂದಲೇ ತೀರ್ಪು ಹೇಳುತ್ತಿದ್ದಳು: “ಚವತಿ ದಿನ ಹೋಗು, ಐದು ದಿನ ಇರು, ಆರನೇ ದಿನ ಮನಿಯಾಗ ಇರಬೇಕು. ಮತ್ತ ದೀಪಾವಳಿಗೆ ಕೇಳಬ್ಯಾಡ.” ಎಂದಿನಿಂದ ಹೋಗಬಹುದು, ಎಷ್ಟು ದಿನ ಇರಬಹುದು, ಮತ್ತೊಮ್ಮೆ ಹೋಗಬಹುದೋ ಇಲ್ಲವೋ ಎಂಬ ಮೂರು ಸಂಗತಿಗಳೂ ಆ ಒಂದು ಮಾತಿನಲ್ಲಿ ಅಡಗಿರುತ್ತಿದ್ದವು. ಇಂದು ಪರದೇಶಕ್ಕೆ ಹೋಗುವವರ ಪಾಸ್‌ಪೋರ್ಟಿಗೆ ಅಂಟಿಸುವ ವೀಸಾದಲ್ಲಿಯೂ ಇರುವುದು ಈ ಮೂರೇ ಸಂಗತಿಗಳು. ಅತ್ತೆಯ ಮಾತನ್ನು ನಮ್ಮ ಹೆಣ್ಣುಮಕ್ಕಳು ಒಮ್ಮೆ ಕೇಳಿದರೆ ಮರೆಯುತ್ತಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ನಾನು ಮಾತ್ರ ಆ ಕಾಗದದ ಮೇಲಿನ ಮೂರು ಅಂಕಿಗಳನ್ನು ಸರಿಯಾಗಿ ಓದದೆ ಹೋದೆ. ಆ ಪ್ರಸಂಗವನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಾನು ಬೈಲಹೊಂಗಲ ತಾಲೂಕಿನವನು. ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. 2022ರಲ್ಲಿ ಮಗಳಿಗೆ ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತವರಿನದು ಎಂಬುದು ನಮ್ಮಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಕಟ್ಟಳೆ. ಮಗಳು ತವರಿಗೆ ಬರುವಂತಿರಲಿಲ್ಲ. ಆದ್ದರಿಂದ ತವರೇ ಮಗಳ ಬಳಿಗೆ ಹೊರಡಬೇಕಾಯಿತು. ಮಗಳ ಮನೆಗೆ ಹೋಗಲು ತವರಿಗೇ ಅಪ್ಪಣೆ ಬೇಕಾದ ಕಾಲ ಇದು!

ಅರ್ಜಿಯನ್ನು ತುಂಬಿಕೊಟ್ಟವನು ಬೈಲಹೊಂಗಲ ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕುಳಿತ ಒಬ್ಬ ತರುಣ. ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಕೇಳಿದ ಮೇಲೆ, “ಸರ್, ಎಷ್ಟು ಸಲ ಹೋಗವರಿದ್ದೀರಿ?” ಎಂದ. ನಾನು, “ಒಂದ ಸಲ ತಮ್ಮಾ. ಹೋಗೂದು, ಬರೂದು. ಮಗಳ ಮನಿಗೆ ಮ್ಯಾಲಿಂದ ಮ್ಯಾಲೆ ಹೋಗಬಾರದು” ಎಂದು ನಕ್ಕೆ. ಅವನೂ ನಕ್ಕು ಗುರುತು ಹಾಕಿದ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಕೆಲವು ದಿನಗಳಲ್ಲಿ ವೀಸಾ ಬಂದಿತು. ತೊಂಬತ್ತು ದಿನ ಎಂಬ ಅಂಕಿಯನ್ನು ಕಂಡು ನಾವಿಬ್ಬರೂ ಸಂತೋಷಪಟ್ಟೆವು. ಅದರ ಪಕ್ಕದಲ್ಲಿದ್ದ ಇನ್ನೊಂದು ಅಂಕಿಯತ್ತ ನಮ್ಮ ಕಣ್ಣು ಹೋಗಲಿಲ್ಲ.

ನನ್ನ ಮನೆಯಾಕೆ ಅಂಟು, ಕೊಬ್ಬರಿ, ಉತ್ತತ್ತಿಗಳನ್ನು ಕಟ್ಟಿಕೊಂಡಳು. ತುಪ್ಪವನ್ನು ಮಾತ್ರ ಬಿಡಬೇಕಾಯಿತು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ. ಅಲ್ಲಿಯ ಅಂಗಡಿಯ ಬೆಣ್ಣೆಯನ್ನು ಕಾಸಿ ತುಪ್ಪ ಮಾಡಿ ಅವಳು ಅಂಟಿನುಂಡೆ ಕಟ್ಟಿದಳು. ಮೊಮ್ಮಗಳು ಹುಟ್ಟಿದಳು. ಎರೆಯುವುದು, ಕೂಸಿಗೆ ಕುಂಚಿಗೆ ಕಟ್ಟುವುದು, ಬಾಣಂತಿಗೆ ಕಾಯಿಸಿದ ನೀರು, ಎಲ್ಲವೂ ಆ ಪರಕೀಯ ಊರಿನ ಮೂರನೆಯ ಅಂತಸ್ತಿನ ಮನೆಯಲ್ಲಿ ನಮ್ಮ ಹಳ್ಳಿಯ ಕ್ರಮದಲ್ಲಿಯೇ ನಡೆದವು.

ನಾವು ಅಲ್ಲಿ ಕಾಲಿಟ್ಟ ಮೂವತ್ತೆಂಟನೆಯ ದಿನ ಊರಿನಿಂದ ತಮ್ಮನ ಫೋನು ಬಂದಿತು. ಅವ್ವ ಹಿತ್ತಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. “ಅಣ್ಣಾ, ನಿನ್ನ ಹೆಸರು ತಗೊಂಡು ಕರಿಯಾಕತ್ತಾಳ” ಎಂದ. ನಾನೊಬ್ಬನೇ ಬರಬಹುದಾಗಿತ್ತು. ಆದರೆ ಅವ್ವನ ಜೊತೆ ಒಂದೇ ಒಲೆಯ ಮುಂದೆ ನಲವತ್ತು ವರ್ಷ ಕುಳಿತವಳು ನನ್ನ ಮನೆಯಾಕೆ; ಅವಳನ್ನು ನಿಲ್ಲಿಸುವುದು ಹೇಗೆ? ಅಲ್ಲದೆ ಲೆಕ್ಕ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು: ತೊಂಬತ್ತರಲ್ಲಿ ಮೂವತ್ತೆಂಟು ಕಳೆದರೆ ಐವತ್ತೆರಡು. ಹದಿನೈದು ದಿನ ಊರಲ್ಲಿದ್ದು ತಿರುಗಿ ಬಂದರಾಯಿತು. ಮನೆಯಾಕೆ ತನ್ನ ಸ್ವೆಟರನ್ನು ಅಲ್ಲಿಯೇ ಮೊಳೆಗೆ ತೂಗುಹಾಕಿ, ಅರ್ಧ ಡಬ್ಬಿ ಅಂಟಿನುಂಡೆಯನ್ನು ಕಪಾಟಿನಲ್ಲಿಟ್ಟು ಹೊರಟಳು.

ಅವ್ವ ನಮ್ಮ ಕೈಯಲ್ಲಿ ಒಂಬತ್ತು ದಿನ ಇದ್ದಳು. ಮಣ್ಣು ಕೊಟ್ಟು, ಮುಂದಿನ ಕಾರ್ಯಗಳನ್ನೆಲ್ಲ ಮುಗಿಸಿ, ಟಿಕೆಟು ತೆಗೆಸಲೆಂದು ಅದೇ ಹುಡುಗನ ಅಂಗಡಿಗೆ ಹೋದೆ. ಅವನು ಪಾಸ್‌ಪೋರ್ಟು ತೆರೆದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು ತೋರಿಸಿದ. ಪ್ರವೇಶಗಳ ಸಂಖ್ಯೆ ಎಂಬ ಕಡೆ 01 ಎಂದಿತ್ತು. ನಾವು ಜರ್ಮನಿಯ ವಿಮಾನ ನಿಲ್ದಾಣದಿಂದ ಹೊರಬಿದ್ದ ಗಳಿಗೆಯಲ್ಲಿಯೇ ಆ ವೀಸಾ ತೀರಿಹೋಗಿತ್ತು. ಉಳಿದ ಐವತ್ತೆರಡು ದಿನಗಳು ನನ್ನ ಲೆಕ್ಕದಲ್ಲಿ ಮಾತ್ರ ಇದ್ದವು. ಹೊಸ ಅರ್ಜಿ, ಹೊಸ ಸರದಿ ಎನ್ನುವಷ್ಟರಲ್ಲಿ ಅಳಿಯನ ರಜೆ ಮುಗಿಯಿತು. ಮಗಳು ಒಬ್ಬಳೇ ಕೂಸನ್ನು ಎರೆದುಕೊಂಡಳು. ಫೋನಿನಲ್ಲಿ ಅವಳು ಅಳಲಿಲ್ಲ. “ಅಪ್ಪಾ, ಅವ್ವನ ಸ್ವೆಟರ್ ಇಲ್ಲೇ ಐತಿ” ಎಂದಳು, ಅಷ್ಟೇ.

ತಪ್ಪು ಯಾರದೂ ಅಲ್ಲ, ನನ್ನದೇ. ಒಂದು ಸಲಕ್ಕಾಗಲಿ, ಅನೇಕ ಸಲಕ್ಕಾಗಲಿ ಶುಲ್ಕ ಒಂದೇ ಎಂಬುದನ್ನೂ ನಾನು ವಿಚಾರಿಸಿರಲಿಲ್ಲ. ಆ ಮೇಲೆ ಹಟ ಹಿಡಿದು ಈ ವಿಷಯವನ್ನು ಪಾಠದಂತೆ ಓದಿಕೊಂಡೆ.

ವೀಸಾ ಎಂಬ ಮಾತು ಲ್ಯಾಟಿನ್ ಮೂಲದ್ದು. ‘ನೋಡಲಾದ ಕಾಗದ’ ಎಂದು ಅದರ ಅರ್ಥ. ಅಧಿಕಾರಿ ನೋಡಿದ್ದಾನೆ ಎಂಬುದಷ್ಟೇ ಅದರ ಸಾಕ್ಷಿ. ಯುರೋಪಿನ ಬಹುಭಾಗಕ್ಕೆ ಸಲ್ಲುವ ವೀಸಾಕ್ಕೆ ಶೆಂಗೆನ್ ಎಂಬ ಹೆಸರು ಬಂದದ್ದು ಲಕ್ಸೆಂಬರ್ಗಿನ ಒಂದು ಚಿಕ್ಕ ಹಳ್ಳಿಯಿಂದ. 1985ರ ಜೂನ್ 14ರಂದು ಆ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ಒಂದು ಹಡಗಿನ ಮೇಲೆ ಐದು ದೇಶಗಳ ಪ್ರತಿನಿಧಿಗಳು ತಮ್ಮ ನಡುವಣ ಗಡಿಯ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಬಲ್ಗೇರಿಯಾ, ರುಮೇನಿಯಾಗಳು 2025ರ ಜನವರಿ 1ರಂದು ಪೂರ್ಣವಾಗಿ ಸೇರಿದ ಮೇಲೆ ಆ ಕೂಟದಲ್ಲಿ 29 ದೇಶಗಳಾಗಿವೆ. ಒಳಗಿನ ಗೋಡೆಗಳು ಹೋದವು. ಹೊರಗಿನ ಹೆಬ್ಬಾಗಿಲು ಮಾತ್ರ ಒಂದೇ ಆಗಿ ಉಳಿಯಿತು. ಆದ್ದರಿಂದ ಜರ್ಮನಿಯಲ್ಲಿ ಕಳೆದ ದಿನವೂ ಫ್ರಾನ್ಸಿನಲ್ಲಿ ಕಳೆದ ದಿನವೂ ಒಂದೇ ಖಾತೆಗೆ ಜಮಾ ಆಗುತ್ತವೆ. ಬ್ರಿಟನ್, ಐರ್ಲೆಂಡುಗಳು ಈ ಕೂಟಕ್ಕೆ ಸೇರಿದವಲ್ಲ.

ಈ ಖಾತೆಯ ನಿಯಮ ಹೀಗಿದೆ. ಯಾವುದೇ ದಿನ ನಿಂತು ಹಿಂದಿನ 180 ದಿನಗಳನ್ನು ನೋಡಿದರೂ ನೀವು ಅಲ್ಲಿ ಇದ್ದದ್ದು 90 ದಿನಗಳನ್ನು ಮೀರಿರಬಾರದು. ಹೋದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ನಡುವೆ ಸ್ವದೇಶಕ್ಕೆ ಬಂದು ಇದ್ದ ದಿನಗಳು ಲೆಕ್ಕಕ್ಕಿಲ್ಲ. ಇಲ್ಲಿಯೇ ನಮ್ಮಂಥವರಿಗೆ ಒಂದು ಅನುಕೂಲವಿದೆ. ಆದರೆ ಅದು ದಕ್ಕುವುದು ಅನೇಕ ಪ್ರವೇಶದ ವೀಸಾ ಇದ್ದವರಿಗೆ, ಅದೂ ವೀಸಾದ ಮೇಲೆ ಬರೆದ ಕೊನೆಯ ದಿನಾಂಕದೊಳಗೆ ಮಾತ್ರ.

2024ರ ಕೊನೆಗೆ ಮಗಳ ಎರಡನೆಯ ಬಾಣಂತನ ಬಂದಿತು. ಈ ಸಲ ಅರ್ಜಿಯ ಜೊತೆ ಒಂದು ಪತ್ರ ಬರೆದಿಟ್ಟೆ: ಡಿಸೆಂಬರಿನಲ್ಲಿ ತಾಯಿಯ ಪುಣ್ಯತಿಥಿ ಇದೆ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹಿರಿಯನು ಮನೆಯಲ್ಲಿ ನಾನೇ, ಆದ್ದರಿಂದ ನಡುವೆ ಊರಿಗೆ ಬಂದು ಮತ್ತೆ ಹೋಗಬೇಕು ಎಂದು. ಎರಡೂ ಪ್ರಯಾಣಗಳ ದಿನಾಂಕಗಳನ್ನು ಕಾಣಿಸಿದೆ. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು. ನಮಗೆ ಕೊಟ್ಟರು.

ನವೆಂಬರ್ 4ರಂದು ಒಳಗೆ ಹೋದೆವು. ಡಿಸೆಂಬರ್ 18ರಂದು ಹೊರಟೆವು. ನಲವತ್ತೈದು ದಿನ. ಅವ್ವನ ಪುಣ್ಯತಿಥಿ ಮಾಡಿ, 30ರಂದು ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಸಂಕ್ರಾಂತಿಯ ಎಳ್ಳು ಹಂಚಿ, ಜನವರಿ 20ರಂದು ಮತ್ತೆ ಮಗಳ ಮನೆಯ ಬಾಗಿಲಲ್ಲಿದ್ದೆವು. ಅಂದಿನಿಂದ ಇನ್ನು ನಲವತ್ತೈದು ದಿನ, ಅಂದರೆ ಮಾರ್ಚ್ 5. ನಡುವೆ ಬಾರದೆ ಒಂದೇ ಸಮನೆ ಇದ್ದಿದ್ದರೆ ಫೆಬ್ರವರಿ 1ರಂದೇ ಹೊರಡಬೇಕಾಗುತ್ತಿತ್ತು. ಊರಲ್ಲಿ ಕಳೆದ ಮೂವತ್ತೆರಡು ದಿನಗಳೂ ಕೊನೆಗೆ ಮಗಳ ಪಾಲಿಗೇ ಸೇರಿದವು. ಹಾಗೆಂದು ಮಾರ್ಚ್ 5ರ ಮರುದಿನವೇ ತಿರುಗಿ ಹೋಗುವಂತಿರಲಿಲ್ಲ. ನವೆಂಬರಿನ ಆ ಮೊದಲ ದಿನ 180 ದಿನಗಳ ಹಿಂದಕ್ಕೆ ಸರಿದು ಖಾತೆಯಿಂದ ಬೀಳುವುದು ಮೇ 3ಕ್ಕೆ. ಅಲ್ಲಿಯ ತನಕ ನಮಗೆ ಒಂದು ದಿನವೂ ಇರಲಿಲ್ಲ.

2025ರ ಅಕ್ಟೋಬರ್ 12ರಿಂದ ಈ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಕೆಲಸ ಅಲ್ಲಿ ಆರಂಭವಾಯಿತು. ಪಾಸ್‌ಪೋರ್ಟಿನ ಮೇಲಿನ ಮುದ್ರೆಗೆ ಬದಲಾಗಿ ಬೆರಳಚ್ಚು, ಭಾವಚಿತ್ರಗಳೊಡನೆ ಬಂದ ದಿನ, ಹೋದ ದಿನ ದಾಖಲಾಗುತ್ತವೆ. ಒಂದು ದಿನ ಹೆಚ್ಚು ನಿಂತರೂ ಅದು ಮುಚ್ಚಿಹೋಗದು. ಭಾರತೀಯರಿಗೆ ಒಂದು ಸಮಾಧಾನವೂ ಇದೆ. 2024ರ ಏಪ್ರಿಲ್‌ನಲ್ಲಿ ಆದ ತೀರ್ಮಾನದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷಗಳ ಅನೇಕ ಪ್ರವೇಶದ ವೀಸಾ, ಅದನ್ನೂ ಸರಿಯಾಗಿ ಬಳಸಿದವರಿಗೆ ಐದು ವರ್ಷಗಳದ್ದು ದೊರೆಯಬಹುದು. ಆದರೆ ಐದು ವರ್ಷದ ವೀಸಾ ಬಂದರೂ ತೊಂಬತ್ತು ದಿನದ ಖಾತೆ ಬದಲಾಗುವುದಿಲ್ಲ.

ಬೇರೆ ದೇಶಗಳ ರೀತಿ ಬೇರೆ. ರಾಮದುರ್ಗದ ಕಡೆಯ ನನ್ನ ಮಿತ್ರರೊಬ್ಬರು ಅಮೆರಿಕದ ವೀಸಾ ಬಂದಾಗ ಪೇಢೆ ಹಂಚಿ, “ಹತ್ತು ವರ್ಷ ಕೊಟ್ಟಾರ ನೋಡ್ರಿ, ಮಗನ ಮನಿಯಾಗ ಹಾಯಾಗಿ ಇರಬಹುದು” ಎಂದರು. ಹತ್ತು ವರ್ಷ ಎಂಬುದು ಬಾಗಿಲು ಬಡಿಯಲು ಕೊಟ್ಟ ಅವಧಿ, ಒಳಗೆ ಇರಲು ಕೊಟ್ಟದ್ದಲ್ಲ. ಎಷ್ಟು ದಿನ ಇರಬಹುದೆಂಬುದನ್ನು ಪ್ರತಿ ಸಲವೂ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಸಾಮಾನ್ಯವಾಗಿ ಆರು ತಿಂಗಳು. ಐ-94 ಎಂಬ ದಾಖಲೆಯಲ್ಲಿರುವ ದಿನಾಂಕವೇ ಪ್ರಮಾಣ. ಪಕ್ಕದ ಕೆನಡಾಕ್ಕೆ ನಾಲ್ಕು ದಿನ ಹೋಗಿ ಬಂದರೆ ಹೊಸ ಆರು ತಿಂಗಳು ಸಿಗುತ್ತವೆಂಬ ನಂಬಿಕೆಯೂ ಸರಿಯಲ್ಲ. ಬ್ರಿಟನ್ನಿನಲ್ಲಿ ಎರಡು, ಐದು, ಹತ್ತು ವರ್ಷಗಳ ಸಂದರ್ಶಕ ವೀಸಾಗಳಿದ್ದರೂ ಒಂದು ಸಲಕ್ಕೆ ಆರು ತಿಂಗಳೇ. ಈ ಎರಡು ದೇಶಗಳಲ್ಲಿ ನಡುವೆ ಊರಿಗೆ ಬಂದು ಹೋಗುವುದರ ಬೆಲೆ ಅಂಕಗಣಿತದಿಂದ ತೀರ್ಮಾನವಾಗುವುದಿಲ್ಲ, ನಂಬಿಕೆಯಿಂದ ತೀರ್ಮಾನವಾಗುತ್ತದೆ. ಆರು ತಿಂಗಳು ಇದ್ದು, ತಿಂಗಳೊಪ್ಪತ್ತು ಊರಿಗೆ ಬಂದು, ಮತ್ತೆ ಆರು ತಿಂಗಳಿಗೆ ಹೊರಟವರನ್ನು, “ನೀವು ನೋಡಲು ಬಂದವರೋ, ಇಲ್ಲಿಯೇ ಬಾಳುವವರೋ?” ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಊರಲ್ಲಿ ಮನೆ, ಹೊಲ, ಪಿಂಚಣಿ, ಜನ ಇದ್ದಾರೆಂಬುದು ಕಾಗದದಲ್ಲಿಯೂ ಕಾಣಬೇಕು, ನಡೆಯಲ್ಲಿಯೂ ಕಾಣಬೇಕು.

ಆಸ್ಟ್ರೇಲಿಯದ ಕೆಲವು ವೀಸಾಗಳ ಮೇಲೆ 8503 ಎಂಬ ಷರತ್ತು ಇರುತ್ತದೆ; ಅದಿದ್ದರೆ ಅಲ್ಲಿಯೇ ಕುಳಿತು ಅವಧಿಯನ್ನು ಬೆಳೆಸಿಕೊಳ್ಳುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ತಂದೆತಾಯಿಗಳಿಗೆ ಹೆಚ್ಚು ಉದಾರವಾದದ್ದು ಕೆನಡಾ. ಅದರ ಸೂಪರ್ ವೀಸಾದಲ್ಲಿ 2022ರ ಜುಲೈ 4ರಿಂದ ಒಂದು ಪ್ರವೇಶಕ್ಕೆ ಐದು ವರ್ಷಗಳವರೆಗೂ ಇರಲು ಅವಕಾಶವಾಯಿತು. ಮಕ್ಕಳ ಆದಾಯ ಮತ್ತು ವೈದ್ಯಕೀಯ ವಿಮೆಯ ಷರತ್ತುಗಳಿವೆ. ಕಟ್ಟಳೆಗಳು ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಆಯಾ ದೇಶದ ಕಚೇರಿಯ ಪ್ರಕಟಣೆಯನ್ನೇ ಓದಬೇಕು, ನನ್ನ ಮಾತನ್ನೂ ಅದರೊಡನೆ ತಾಳೆ ನೋಡಬೇಕು.

ವೀಸಾ ಆರಿಸುವಾಗ ನಾವು ಹೋಗುವ ಊರಿನ ಬಗ್ಗೆ ಮಾತ್ರ ಯೋಚಿಸುತ್ತೇವೆ. ಬಿಟ್ಟುಹೋಗುವ ಊರಿನ ಬಗ್ಗೆ ಯೋಚಿಸುವುದಿಲ್ಲ. ನಮ್ಮ ವಯಸ್ಸಿನವರಿಗೆ ಎರಡೂ ಕಡೆ ಕರುಳಿರುತ್ತದೆ. ಅಲ್ಲಿ ತೊಟ್ಟಿಲು, ಇಲ್ಲಿ ಹಾಸಿಗೆ ಹಿಡಿದ ಹಿರಿಯರು.

ಈಚೆಗೆ ಅದೇ ಹುಡುಗನ ಅಂಗಡಿಗೆ ಹೋಗಿದ್ದೆ. ಸವದತ್ತಿಯ ಕಡೆಯ ದಂಪತಿಗಳು ಕುಳಿತಿದ್ದರು. ಅವರದೂ ಮಗಳ ಬಾಣಂತನವೇ. ಹುಡುಗ, “ಎಷ್ಟು ಸಲ ಹೋಗವರಿದ್ದೀರಿ?” ಎಂದ. ಹೆಣ್ಣುಮಗಳು, “ಒಂದ ಸಲರಿ” ಎಂದಳು. ಗುರುತಿಲ್ಲದವರು ಎಂಬ ಸಂಕೋಚವನ್ನು ಬಿಟ್ಟು ನಾನು ನಡುವೆ ಬಾಯಿ ಹಾಕಿದೆ.

“ಅಕ್ಕಾರ, ಮನಿಯಾಗ ಹಿರ್ಯಾರು ಯಾರದಾರ?”

“ನಮ್ಮತ್ತಿ ಅದಾರ್ರಿ. ಎಂಬತ್ತು ದಾಟ್ಯಾವು.”

ಹುಡುಗ ನನ್ನ ಮುಖವನ್ನೊಮ್ಮೆ ನೋಡಿದ. ಮತ್ತೆ ಏನನ್ನೂ ಕೇಳದೆ, ಹಾಕಿದ್ದ ಗುರುತನ್ನು ಅಳಿಸಿ ‘ಅನೇಕ ಸಲ’ ಎಂಬಲ್ಲಿ ಹಾಕಿದ.