ಬಿರುಗಾಳಿ ಉಳಿಸಿಕೊಟ್ಟ ಕಾಸು



ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳ ಕಡೆ ಹರಿಯುವುದು ಸತ್ತೇಗಾಲದ ಮಗ್ಗುಲಲ್ಲೇ. ಹೊಳೆ ಉಕ್ಕಿದರೆ ಏನಾಗುತ್ತದೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ಮಳೆಗಾಲದಲ್ಲಿ ಪ್ರವಾಹದ ಹೊಡೆತಕ್ಕೆ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕುಸಿಯಿತು. ಆನೆಗಾತ್ರದ ಕಲ್ಲನ್ನು ಉರುಳಿಸುವ ನೀರು ಕೆಲವೊಮ್ಮೆ ಕಾಸಿನಗಲದ ಲೋಹವನ್ನು ಮರಳಿನಡಿ ಜೋಪಾನವಾಗಿ ಇಟ್ಟುಬಿಡುತ್ತದೆ. ಪ್ರಕೃತಿ ವಿಕೋಪದಲ್ಲಿ ಉಳಿದುಬಂದ ಇಂಥ ನಾಣ್ಯಗಳನ್ನೇ ಹುಡುಕಿ ಸಂಗ್ರಹಿಸುವವರು ಜಗತ್ತಿನಲ್ಲಿದ್ದಾರೆ.

ಅಂಥವರ ಪೆಟ್ಟಿಗೆಯಲ್ಲಿರುವ ಒಂದು ತಾಮ್ರದ ಕಾಸಿಗೂ ಈ ಸೀಮೆಗೂ ನಂಟಿದೆ. ಅದರ ಒಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ ಮತ್ತು 1808 ಎಂಬ ಇಸವಿ, ಇನ್ನೊಂದು ಮುಖದಲ್ಲಿ ಪಾರಸಿ ಅಕ್ಷರ. ಬೆಲೆ ಹತ್ತು ಕಾಸು ಅಥವಾ ಇಪ್ಪತ್ತು ಕಾಸು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಅಚ್ಚಾದ ಈ ನಾಣ್ಯಗಳನ್ನು ಪೀಪಾಯಿಗಳಲ್ಲಿ ತುಂಬಿ ‘ಅಡ್ಮಿರಲ್ ಗಾರ್ಡನರ್’ ಎಂಬ ಹಡಗಿಗೆ ಹೇರಲಾಯಿತು. 1809ರ ಜನವರಿಯಲ್ಲಿ ಹೊರಟ ಆ ಹಡಗು ಇಂಗ್ಲೆಂಡಿನ ಕರಾವಳಿಯನ್ನು ದಾಟುವ ಮೊದಲೇ ಬಿರುಗಾಳಿಗೆ ಸಿಕ್ಕಿ, ಗುಡ್‌ವಿನ್ ಮರಳುದಿಬ್ಬಗಳಲ್ಲಿ ಒಡೆದು ಮುಳುಗಿತು.

ಆ ಕಾಸುಗಳು ಬರಬೇಕಾಗಿದ್ದುದು ಮದರಾಸು ಪ್ರಾಂತ್ಯಕ್ಕೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ ಅಲ್ಲೇ ಇತ್ತು. ಹಡಗು ದಡ ಸೇರಿದ್ದರೆ ಅದರ ಕೆಲವು ಕಾಸುಗಳು ಕೊಳ್ಳೇಗಾಲದ ಸಂತೆಗೂ ಬರಬಹುದಿತ್ತು. ಕೈಯಿಂದ ಕೈಗೆ ದಾಟಿ, ಅಕ್ಷರವೆಲ್ಲ ಸವೆದು, ಕೊನೆಗೆ ಕಂಚುಗಾರನ ಮೂಸೆಯಲ್ಲಿ ಕರಗಿಯೂ ಹೋಗಬಹುದಿತ್ತು. ಸಮುದ್ರದ ತಳದಲ್ಲಿ ಅವು ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದವು. 1980ರ ದಶಕದಲ್ಲಿ ಮುಳುಗುಗಾರರು ಹತ್ತು ಲಕ್ಷಕ್ಕೂ ಹೆಚ್ಚು ಕಾಸುಗಳನ್ನು ಮೇಲೆತ್ತಿದರು. ಹೊರಪದರದಲ್ಲಿದ್ದವು ಉಪ್ಪುನೀರಿಗೆ ತಿಂದುಹೋಗಿದ್ದರೂ ಪೀಪಾಯಿಯ ಒಳಗೆ ಒತ್ತಾಗಿದ್ದ ಅನೇಕ ಕಾಸುಗಳಲ್ಲಿ ಅಚ್ಚಿನ ಗೆರೆ ಇನ್ನೂ ಸ್ಪಷ್ಟವಾಗಿತ್ತು. ಊರು ಸೇರಿದ ಕಾಸು ಸವೆಯಿತು. ಊರು ಸೇರದ ಕಾಸು ಉಳಿಯಿತು.

ಕಾವೇರಿಯ ದಂಡೆಯಲ್ಲೇ, ಸತ್ತೇಗಾಲಕ್ಕಿಂತ ಮೇಲೆ, ತಲಕಾಡಿದೆ. ಗಂಗರ ರಾಜಧಾನಿಯಾಗಿದ್ದ ಆ ಊರಿನ ಗುಡಿಗಳ ಮೇಲೆ ಮರಳು ಬೆಟ್ಟದಂತೆ ಬೆಳೆಯಿತು. ಚೋಳರಿಂದ ಅದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆಸಿ ಚಿನ್ನದ ನಾಣ್ಯ ಹೊರಡಿಸಿದ್ದನು. ಊರು ಮರಳಿನಡಿ ಸೇರಿದರೂ ಊರಿನ ಹೆಸರು ಅಂಗೈಯಗಲಕ್ಕಿಂತ ಚಿಕ್ಕದಾದ ಆ ಲೋಹದ ಮೇಲೆ ಅಳಿಯದೆ ನಿಂತಿತು.

ಹಾಗಾದರೆ ಇಂಥ ನಾಣ್ಯದ ಬೆಲೆ ಎಲ್ಲಿದೆ? ತಾಮ್ರದ ತೂಕದಲ್ಲಿ ಖಂಡಿತ ಇಲ್ಲ. ಹಡಗಿನ ಕಾಸನ್ನು ಸಂಗ್ರಾಹಕರು ಕೊಳ್ಳುವುದು ಅದು ಎಲ್ಲಿಂದ ಬಂತು, ಯಾವಾಗ ಮುಳುಗಿತು ಎಂಬುದು ತಿಳಿದಿರುವುದರಿಂದ. ಆ ವೃತ್ತಾಂತ ಕಳಚಿಬಿದ್ದರೆ ಉಳಿಯುವುದು ಕಿಲುಬು ಹಿಡಿದ ಬಿಲ್ಲೆ ಮಾತ್ರ.

ಈ ಮಾತನ್ನು ತಿಳಿಯದವರನ್ನೇ ವಂಚಕರು ಹುಡುಕಿಕೊಂಡು ಬರುತ್ತಾರೆ. ‘ಇದು ಸಿಡಿಲು ಬಡಿದರೂ ಉಳಿದ ಕಂಪನಿ ಕಾಸು, ಅಕ್ಕಿಯನ್ನು ಸೆಳೆಯುತ್ತದೆ, ಕೋಟಿ ಬೆಲೆ’ ಎಂದು ನಂಬಿಸಿ ಹಣ ಕೀಳುತ್ತಾರೆ. ತಾಮ್ರಕ್ಕೆ ಅಯಸ್ಕಾಂತದ ಗುಣವಿಲ್ಲ. ಬಿಲ್ಲೆಯಲ್ಲಿ ಅಯಸ್ಕಾಂತ ಅಡಗಿಸಿ, ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿದರೆ ಪವಾಡ ಸಿದ್ಧ. ರಾಮ, ಹನುಮಂತರ ಚಿತ್ರ ಹೊತ್ತು 1818ರ ಇಸವಿ ತೋರುವ ‘ಅರ್ಧಾಣೆ’ಯನ್ನು ಕಂಪನಿ ಅಚ್ಚು ಹಾಕಿಸಲೇ ಇಲ್ಲ. ಇಂಥ ಬಿಲ್ಲೆಯನ್ನು ನಂಬಿ ಹೊಲ ಮನೆ ಕಳೆದುಕೊಂಡರೆ ಅದು ಪ್ರಕೃತಿ ತಂದ ವಿಕೋಪವಲ್ಲ, ಆಸೆ ತಂದದ್ದು.

ಹೊಳೆ ಇಳಿದ ಮೇಲೆ ದಂಡೆಯಲ್ಲೋ ಗದ್ದೆಯ ಬದುವಿನಲ್ಲೋ ಹಳೆಯ ನಾಣ್ಯ ಸಿಕ್ಕರೆ ಮೊದಲ ಕೆಲಸ, ಹುಣಸೆಹಣ್ಣು ಹಾಕಿ ತಿಕ್ಕದೆ ಇರುವುದು. ಹಸಿರು ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಎರಡನೆಯದು, ಸಿಕ್ಕ ಜಾಗ, ಆಳ, ದಿನವನ್ನು ಬರೆದಿಡುವುದು. ಮಡಕೆಯಲ್ಲಿ ರಾಶಿಯಾಗಿ ಸಿಕ್ಕರೆ ಹಂಚಿಕೊಳ್ಳದೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಯ ಕಾನೂನು ಹೇಳುವುದೂ ಅದನ್ನೇ. ಕಾನೂನಿಗೆ ಹೆದರಿ ಗುಟ್ಟಾಗಿ ಕರಗಿಸಿದ ನಾಣ್ಯಗಳ ಜೊತೆ ಊರಿನ ಚರಿತ್ರೆಯ ಪುಟಗಳೂ ಕರಗಿಹೋಗುತ್ತವೆ.

ನೀರಿನಿಂದ, ಮರಳಿನಿಂದ, ಬಿರುಗಾಳಿಯಿಂದ ಪಾರಾಗಿ ಬಂದ ಕಾಸು ಕೊನೆಗೆ ಸಿಗುವುದು ಮನುಷ್ಯನ ಕೈಗೆ. ಅಲ್ಲಿಂದಲೂ ಅದು ಪಾರಾಗಬೇಕು.