ಗಡಿ ದಾಟಿ ಬರುವ ಮನೆಸಾಮಾನು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಎತ್ತುಗಳ ಮೇಲೆ ಹೇರು ಹೊರಿಸಿಕೊಂಡು ಸುಂಕದ ಕಟ್ಟೆಯಲ್ಲಿ ನಿಂತ ವ್ಯಾಪಾರಿಗಳ ಕಾಲದ ಮಾತು ಅದು. ಈಗ ಆ ಕಟ್ಟೆಯ ಮುಂದೆ ವ್ಯಾಪಾರವನ್ನೇ ಅರಿಯದವರೂ ನಿಲ್ಲಬೇಕಾಗುತ್ತದೆ. ದುಬೈ, ಮಸ್ಕತ್, ಕುವೈತ್‌ಗಳಲ್ಲಿ ಹತ್ತಾರು ವರ್ಷ ದುಡಿದು ಉಡುಪಿಗೋ ಭಟ್ಕಳಕ್ಕೋ ಮರಳುವ ಸಂಸಾರಗಳು ಎಷ್ಟಿಲ್ಲ? ಅವರು ಹಡಗಿಗೆ ಹಾಕುವುದು ಸರಕಲ್ಲ, ತಾವು ಬದುಕಿದ ಮನೆ. ಈ ಮಾತು ಅವರಿಗೆ, ಊರಿನಲ್ಲಿ ಕಾದು ಕೂತ ಅವರ ಮನೆಯವರಿಗೆ.

ಅಧಿಕಾರಿ ನಿಮ್ಮ ಸುಖದುಃಖ ಕೇಳುವುದಿಲ್ಲ ಎನ್ನುವುದು ನಿಜ. ಆತ ಕೇಳುವುದು ಎರಡೇ ಪ್ರಶ್ನೆ. ನೀವು ಎಷ್ಟು ಕಾಲ ಹೊರದೇಶದಲ್ಲಿದ್ದಿರಿ? ಪೆಟ್ಟಿಗೆಯಲ್ಲಿ ಏನಿದೆ? ಮೊದಲನೆಯದಕ್ಕೆ ನಿಮ್ಮ ಪಾಸ್‌ಪೋರ್ಟೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಬರೆದಿಡಬೇಕಾದವರು ನೀವು.

ವಾಸ ಬದಲಿಸಿ ಬರುವವರಿಗೆ ನಮ್ಮ ಸರಕಾರ ವಿಶೇಷ ರಿಯಾಯಿತಿ ಕೊಡುತ್ತದೆ. ಅದರ ಅಳತೆಗೋಲು ಸಾಮಾನಿನ ಬೆಲೆ ಮಾತ್ರವಲ್ಲ, ದಿನಗಳ ಲೆಕ್ಕವೂ ಹೌದು. 2016ರ ಬ್ಯಾಗೇಜು ನಿಯಮಗಳನ್ನೇ ನೋಡಿ. ಎರಡು ವರ್ಷ ಹೊರಗಿದ್ದವರಿಗೆ 5 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಸುಂಕವಿರಲಿಲ್ಲ. ಆದರೆ ಆ ಎರಡು ವರ್ಷಗಳಲ್ಲಿ ರಜೆಗೆಂದು ಬಂದು ಊರಿನಲ್ಲಿ ಕಳೆದ ದಿನಗಳು ಒಟ್ಟು ಆರು ತಿಂಗಳು ಮೀರಬಾರದಿತ್ತು. ತಂಗಿಯ ಮದುವೆಗೊಮ್ಮೆ, ತಾಯಿಯ ಕಾಯಿಲೆಗೊಮ್ಮೆ ಬಂದುಹೋದದ್ದೂ ಲೆಕ್ಕಕ್ಕೆ ಸೇರುತ್ತಿತ್ತು. ವಾಸದ ಅವಧಿಗೆ ಎರಡು ತಿಂಗಳವರೆಗೆ ಕೊರತೆ ಬಿದ್ದರೆ, ತಕ್ಕ ಕಾರಣವಿದ್ದಾಗ ಅದನ್ನು ಮನ್ನಿಸುವ ಅಧಿಕಾರ ಸುಂಕದ ಅಧಿಕಾರಿಗಿತ್ತು. ಕೆಲಸ ಹೋಗಿ ಹಠಾತ್ತನೆ ಮರಳಿದವರು ಇದನ್ನು ಕೇಳಿ ಪಡೆಯಬೇಕು, ಅದೂ ಬರವಣಿಗೆಯಲ್ಲಿ. ಬಾಯಿಮಾತಿಗೆ ಗಾದೆಯ ಗತಿಯೇ! ಇಂಥ ಮೊತ್ತಗಳು, ಅವಧಿಗಳು ಆಗಾಗ ಪರಿಷ್ಕಾರವಾಗುತ್ತವೆ. ಆದ್ದರಿಂದ ಈ ಅಂಕಿಗಳನ್ನು ಹಳೆಯ ಪಂಚಾಂಗದಂತೆ ಓದಿಕೊಳ್ಳಿ. ಟಿಕೆಟ್ಟು ಕೊಳ್ಳುವ ಮುನ್ನ ಅಂದು ಜಾರಿಯಲ್ಲಿರುವ ನಿಯಮವನ್ನು ವಿಚಾರಿಸಿ.

ಇನ್ನು ಪಟ್ಟಿ. ಸಾಮಾನು ಕಟ್ಟಲು ಬರುವ ಕಂಪೆನಿಯವರು ಸಾಮಾನ್ಯವಾಗಿ ‘ಗೃಹೋಪಯೋಗಿ ವಸ್ತುಗಳು, 14 ಪೆಟ್ಟಿಗೆ’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಒಪ್ಪಬೇಡಿ. ಏನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಅಧಿಕಾರಿಗೆ ಬೇರೆ ದಾರಿಯಿಲ್ಲ. ಅದರ ಬದಲು ಹೀಗೆ ಬರೆಯಿರಿ: ಪೆಟ್ಟಿಗೆ 7, ಬಳಸಿದ ಪ್ರೆಷರ್ ಕುಕ್ಕರ್ 2, ಸ್ಟೀಲಿನ ಡಬ್ಬಿ 11, ಇಡ್ಲಿ ಪಾತ್ರೆ 1. ಪ್ರತಿ ಪೆಟ್ಟಿಗೆಯ ಮೇಲೂ ಅದೇ ಸಂಖ್ಯೆ ಇರಲಿ. ವಿದ್ಯುತ್ ಉಪಕರಣವಾದರೆ ಕಂಪೆನಿ, ಮಾದರಿ, ಕೊಂಡ ವರ್ಷ, ಈಗಿನ ಅಂದಾಜು ಬೆಲೆ ಎಲ್ಲ ಕಾಣಿಸಿ. ಬಳಸಿದ್ದು, ಹೊಸದು ಎಂಬ ಭೇದ ಬಹು ಮುಖ್ಯ. ರಟ್ಟಿನ ಪೆಟ್ಟಿಗೆಯನ್ನೇ ಒಡೆಯದ ಮಿಕ್ಸರನ್ನು ಬಳಸಿದ್ದೆಂದು ಬರೆದರೆ, ನಿಜವಾಗಿ ಬಳಸಿದ ಉಳಿದ ಸಾಮಾನಿನ ಮೇಲೂ ಸಂಶಯ ಬೀಳುತ್ತದೆ.

ಗೆಳೆಯರು ಕೊಟ್ಟ ಪೊಟ್ಟಣದ ವಿಷಯ ಕೊಂಚ ಕಟುವಾಗಿಯೇ ಹೇಳುತ್ತೇನೆ. ‘ಹೇಗೂ ಜಾಗವಿದೆಯಲ್ಲ, ಅಣ್ಣನಿಗೊಂದು ಪಾರ್ಸೆಲು’ ಎಂದು ಯಾರಾದರೂ ತಂದರೆ ನಯವಾಗಿ ಹಿಂದಿರುಗಿಸಿ. ದಾಕ್ಷಿಣ್ಯ ನಿಮ್ಮದಾದರೆ ಹೊಣೆಯೂ ನಿಮ್ಮದೇ. 1962ರ ಸುಂಕ ಕಾಯಿದೆಯ 77ನೆಯ ವಿಧಿಯಂತೆ ಸಾಮಾನಿನ ಘೋಷಣೆ ಮಾಡುವವರು ನೀವು. ಘೋಷಿಸದ ವಸ್ತು ಸಿಕ್ಕರೆ 111ನೆಯ ವಿಧಿಯಂತೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಬಂಗಾರದಿಂದ ಇಡೀ ಮನೆ ಗೋದಾಮಿನಲ್ಲಿ ಕೊಳೆಯಬೇಕಾದೀತು.

ಟೀವಿಯ ಮಾತಿಲ್ಲದೆ ಇದು ಮುಗಿಯದು. ಒಂದು ಕಾಲಕ್ಕೆ ಕೊಲ್ಲಿಯಿಂದ ಬಂದ ಪ್ರತಿ ವಿಮಾನದಲ್ಲೂ ಚಪ್ಪಟೆ ಟೀವಿಗಳು ಇಳಿಯುತ್ತಿದ್ದವು. 2013ರ ಆಗಸ್ಟ್ 26ರಿಂದ ಸರಕಾರ ಅವನ್ನು ಪ್ರಯಾಣಿಕರ ಉಚಿತ ಮಿತಿಯಿಂದ ಹೊರಗಿಟ್ಟಿತು. ಅಮೆರಿಕದಿಂದ ಬರುವವರಿಗೆ ಇನ್ನೊಂದು ಸೂಚನೆ: ಅಲ್ಲಿಯ ವಿದ್ಯುತ್ತು 120 ವೋಲ್ಟು, 60 ಹರ್ಟ್ಸ್, ನಮ್ಮದು 230 ವೋಲ್ಟು, 50 ಹರ್ಟ್ಸ್. ಹಡಗಿನ ಬಾಡಿಗೆ ಕೊಟ್ಟು ತಂದ ಬಟ್ಟೆ ಒಗೆಯುವ ಯಂತ್ರ ಇಲ್ಲಿ ಮೂಲೆ ಸೇರುತ್ತದೆ.

ಬಹಳ ಮಂದಿ ಸುಂಕಕ್ಕೆ ಹೆದರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೆದರಬೇಕಾದದ್ದು ತಡಕ್ಕೆ. ಬಂದರಿನಲ್ಲಿ ಸಾಮಾನು ಇರಿಸಲು ಉಚಿತ ದಿನಗಳು ಕೆಲವೇ. ಅವು ಕಳೆದ ಮೇಲೆ ದಿನದಿನಕ್ಕೂ ಬಾಡಿಗೆ ಏರುತ್ತದೆ, ಕಂಟೈನರು ಬಿಡಿಸಿಕೊಳ್ಳದಿದ್ದರೆ ಹಡಗಿನ ಕಂಪೆನಿಯ ದಂಡ ಬೇರೆ. ಪೆಟ್ಟಿಗೆಗಳು ಬಂದರೂ ಯಜಮಾನ ಬರದಿದ್ದರೆ ಹೀಗಾಗುತ್ತದೆ. ಪಾಸ್‌ಪೋರ್ಟು ಆತನ ಜೇಬಿನಲ್ಲಿ ದುಬೈನಲ್ಲೇ ಇರುತ್ತದಲ್ಲ! ಜೊತೆಗೆ, ಸಾಗಣೆಯವರು ಹೇಳುವ ದರ ಬಂದರಿನವರೆಗೋ, ನಿಮ್ಮ ಮನೆ ಬಾಗಿಲವರೆಗೋ ಎಂದು ಮೊದಲೇ ಕೇಳಿ, ಕಾಗದದ ಮೇಲೆ ಪಡೆಯಿರಿ. ಬೇರೆಯವರ ಸಾಮಾನಿನೊಡನೆ ಒಂದೇ ಕಂಟೈನರಿನಲ್ಲಿ ಕಳಿಸಿದಾಗ ಇಲ್ಲಿಯ ಇಳಿಸುವ, ಬಿಡಿಸುವ ಖರ್ಚುಗಳು ಅಲ್ಲಿ ಹೇಳಿದ ದರದಲ್ಲಿ ಸೇರಿರುವುದಿಲ್ಲ ಎಂಬುದು ಹಲವರಿಗೆ ಸಾಮಾನು ಬಂದ ಮೇಲೆಯೇ ತಿಳಿಯುತ್ತದೆ.

ಕೊನೆಗೆ ಕಷ್ಟದ ಒಂದು ಸಂದರ್ಭ. ದುಡಿಯಲು ಹೋದವರು ಅಲ್ಲಿಯೇ ತೀರಿಕೊಂಡಾಗ, ಅವರ ಬಟ್ಟೆಬರೆ, ಪಾತ್ರೆಪಡಗಗಳಾದರೂ ಊರಿಗೆ ಬರಲಿ ಎಂದು ಮನೆಯವರು ಹಂಬಲಿಸುತ್ತಾರೆ. ಮೃತರು ಬಳಸಿದ ಸಾಮಾನಿಗೆ ಸರಕಾರ ಸುಂಕದಿಂದ ವಿನಾಯಿತಿ ಕೊಡುತ್ತ ಬಂದಿದೆ. ಅದಕ್ಕೆ ಬೇಕಾದದ್ದು, ಈ ವಸ್ತುಗಳು ಮೃತರವೇ ಎಂದು ಅಲ್ಲಿಯ ಭಾರತೀಯ ರಾಯಭಾರ ಕಚೇರಿ ನೀಡುವ ಪ್ರಮಾಣಪತ್ರ. ಹಳ್ಳಿಯಲ್ಲಿ ಕುಳಿತು ಆ ಕಾಗದ ತರಿಸಿಕೊಳ್ಳುವುದು ಬಲು ತ್ರಾಸದ ಕೆಲಸ. ಮರಣದ ಇತರ ದಾಖಲೆಗಳಿಗೆ ಓಡಾಡುತ್ತಿರುವ ಗೆಳೆಯರಿಗೆ, ಸಹೋದ್ಯೋಗಿಗಳಿಗೆ ಫೋನಿನಲ್ಲಿ ಹೇಳಿ, ಸಾಮಾನಿನ ಪಟ್ಟಿಯೊಂದಿಗೆ ಅದನ್ನೂ ಅಲ್ಲಿಯೇ ಮಾಡಿಸಿಕೊಳ್ಳಿ, ಪೆಟ್ಟಿಗೆ ಹಡಗು ಹತ್ತುವ ಮೊದಲೇ.